ಚಾರ್ಟ್ ಓದಿದರೆ ಸಾಕೇ?

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಹೆಚ್ಚಿಸಿದರೆ ಸಾಕು, ದೃಷ್ಟಿ ಕುಂದಿದವರು ಹೇಗೆ ನಡೆದಾಡುತ್ತಾರೆ ಎಂಬ ಸಂಶೋಧನೆ ದಂಡದ ಖರ್ಚು ಎಂದಿದ್ದಾರೆ ಕಳೆದ ವಾರ ಇಲ್ಲಿ ಬರೆದ ಲೇಖಕರು. ಶಸ್ತ್ರಚಿಕಿತ್ಸೆ ಹೆಚ್ಚಬೇಕು ಎಂಬುದು ಒಪ್ಪಿದೆ. ಸಂಶೋಧನೆ ದಂಡ ಎಂಬುದು ಕುರುಡು ವಾದ.

ಗ್ಲಾಕೋಮಾದಲ್ಲಿ ಹೋದ ನೋಟ ಯಾವ ಶಸ್ತ್ರಚಿಕಿತ್ಸೆಗೂ ಮರಳದು. ಅದರಲ್ಲಿ ಸಾಮಾನ್ಯವಾಗಿ ಮೊದಲು ಸವೆಯುವುದು ಅಂಚಿನ ನೋಟ. ಕಣ್ಣು ಪರೀಕ್ಷೆಯ ಚಾರ್ಟಿನ ಕೊನೆಯ ಸಾಲು ಓದಿದವರೇ ಪಕ್ಕದಿಂದ ನುಗ್ಗುವ ಆಟೊ ಕಾಣದೆ ಎಡವುತ್ತಾರೆ. ಮೆಟ್ಟಿಲಿಗೂ ನೆಲಕ್ಕೂ ಒಂದೇ ಬಣ್ಣವಿದ್ದರೆ ಮಂದ ಕಣ್ಣಿಗೆ ಮೆಟ್ಟಿಲೇ ಇಲ್ಲ. ಇದನ್ನೆಲ್ಲ ಅಳೆಯದೆ ಬಿಳಿಕೋಲು ಯಾರಿಗೆ, ಭೂತಗನ್ನಡಿ ಯಾರಿಗೆ ಎಂದು ಹೇಳುವುದು ಹೇಗೆ?

1987ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ ವಿಶಾಖಪಟ್ಟಣ, ವಿಜಯವಾಡಗಳಲ್ಲೂ ಚಿಕಿತ್ಸೆಯ ಜೊತೆಗೆ ದೃಷ್ಟಿ ಪುನರ್ವಸತಿಯನ್ನು ನಡೆಸುತ್ತಿದೆ. ಅದೇ ಸಂಸ್ಥೆ ಹೈದರಾಬಾದಿನ ವೃದ್ಧಾಶ್ರಮಗಳಲ್ಲಿ ಪರೀಕ್ಷಿಸಿದ ಹಿರಿಯರಲ್ಲಿ ಸುಮಾರು ಶೇ. 30 ಮಂದಿಗೆ ದೃಷ್ಟಿದೋಷವಿತ್ತು. ಅಂಥ ಅಧ್ಯಯನ ನಡೆಯದಿದ್ದರೆ ಅವರು ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ.

ಲೆಕ್ಕದ ಮಾತೇ ಬಂತಲ್ಲ: 2017ರಲ್ಲಿ ಸರ್ಕಾರ ಅಂಧತ್ವದ ಮಿತಿಯನ್ನು 6/60 ದೃಷ್ಟಿಯಿಂದ ಇನ್ನೂ ಮಂದವಾದ 3/60ಕ್ಕೆ ಇಳಿಸಿತು. ಕಡತದಲ್ಲಿ ಕುರುಡರು ಕಡಿಮೆಯಾದರು. ವಿಶಾಖಪಟ್ಟಣದ ಏರುತಗ್ಗಿನ ಬೀದಿಗಳಲ್ಲಿ ಅವರ ನಡಿಗೆ ಸಲೀಸಾಗಲಿಲ್ಲ.

ಮನೆಯವರು ಕೈಹಿಡಿದು ನಡೆಸಲಿ ಎಂಬ ಲೇಖಕರ ಸಲಹೆಯಂತೂ ಅನ್ಯಾಯ. ಒಬ್ಬರೇ ಹೋಗಿ ಪಿಂಚಣಿ ತರುವುದು ಹಿರಿಯರ ಹಕ್ಕು. ಸಂಶೋಧನೆಯ ಹಣ ಕಡಿತಗೊಳಿಸುವ ಸಲಹೆಯನ್ನು ಅವರು ಹಿಂತೆಗೆದುಕೊಳ್ಳಲಿ.