ಏಲಕ್ಕಿಗೆ ಇಷ್ಟೊಂದು ಖರ್ಚೇ?

ಐಪಿಎಲ್ ಪಂದ್ಯಗಳ ನಡುವೆ ತೂರಿ ಬರುವ, ಪಾನ್ ಮಸಾಲದ ಹೆಸರು ಹೊತ್ತ ‘ಏಲಕ್ಕಿ’ ಜಾಹೀರಾತುಗಳನ್ನು ನಿಲ್ಲಿಸಬೇಕು ಎಂದು ಕಳೆದ ಸಲ ಬರೆದದ್ದಕ್ಕೆ ಬಗೆಬಗೆಯ ಆಕ್ಷೇಪಗಳು ಬಂದಿವೆ. ಜಾಹೀರಾತು ವೃತ್ತಿಯವರು ಕಾನೂನಿನ ಮಾತಾಡಿದ್ದಾರೆ. ಮಲೆನಾಡಿನ ಕೆಲವರು ಅಡಿಕೆ ತೋಟದ ಗತಿಯೇನು ಎಂದು ಕೇಳಿದ್ದಾರೆ. ನಟರ ಅಭಿಮಾನಿಗಳು ಸುಮ್ಮನೆ ಬೈದಿದ್ದಾರೆ. ಬೈಗುಳಕ್ಕೆ ನನ್ನಲ್ಲಿ ಉತ್ತರವಿಲ್ಲ, ಉಳಿದವಕ್ಕೆ ಇದೆ.

‘ಪರದೆಯ ಮೇಲೆ ತೋರಿಸುತ್ತಿರುವುದು ಏಲಕ್ಕಿಯನ್ನು, ತಂಬಾಕನ್ನಲ್ಲ. ಏಲಕ್ಕಿ ಮಾರುವುದು ಯಾವ ಕಾನೂನಿನಲ್ಲಿ ಅಪರಾಧ?’ ಇದು ಮೊದಲ ಆಕ್ಷೇಪ. ಯಾವ ಕಾನೂನಿನಲ್ಲೂ ಅಲ್ಲ. ಆದರೆ ಕೇಬಲ್ ಟಿವಿ ನಿಯಮಗಳಿಗೆ 2009ರಲ್ಲಿ ಆದ ತಿದ್ದುಪಡಿಯನ್ನು ಇವರು ಪೂರ್ತಿ ಓದಿದಂತಿಲ್ಲ. ತಂಬಾಕು ಅಥವಾ ಮದ್ಯದ ಹೆಸರನ್ನೇ ಹೊತ್ತ ಬೇರೆ ಪದಾರ್ಥವನ್ನು ಟಿವಿಯಲ್ಲಿ ತೋರಿಸಬೇಕಾದರೆ ಆ ಪದಾರ್ಥ ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ಅಂಗಡಿಗಳಲ್ಲಿ ನಿಜಕ್ಕೂ ಸಿಗುತ್ತಿರಬೇಕು. ಜಾಹೀರಾತಿನ ಖರ್ಚು ಆ ಪದಾರ್ಥದ ವಹಿವಾಟಿಗೆ ಹೋಲಿಸಿದರೆ ವಿಪರೀತವಾಗಿರಬಾರದು. ನನ್ನ ತಕರಾರು ಇರುವುದು ಈ ಕೊನೆಯ ಮಾತಿನಲ್ಲಿ. ದೇಶದ ಅತಿ ದುಬಾರಿ ನಟರನ್ನು ಸಾಲಾಗಿ ನಿಲ್ಲಿಸಿ, ಟಿವಿಯ ಅತಿ ದುಬಾರಿ ಸೆಕೆಂಡುಗಳನ್ನು ಕೊಂಡು ಮಾರುವಷ್ಟು ಏಲಕ್ಕಿ ಎಲ್ಲಿದೆ? ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿಯವರೂ ಏಲಕ್ಕಿಯ ಬಗ್ಗೆ ಇಷ್ಟು ಎದೆ ಉಬ್ಬಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಅನುಮಾನವಿದ್ದವರು ಹತ್ತಿರದ ಬಸ್ ಸ್ಟ್ಯಾಂಡಿನ ಗೂಡಂಗಡಿಗೆ ಹೋಗಿ ನೋಡಬಹುದು. ಪೊಟ್ಟಣದ ಮಾಲೆಗಳು ಅಂಗಡಿಯವನ ಮುಖವೇ ಕಾಣದ ಹಾಗೆ ಇಳಿಬಿದ್ದಿರುತ್ತವೆ. ಜಾಹೀರಾತಿನಲ್ಲಿ ಕೇಳಿದ ಹೆಸರು ಹೇಳಿದರೆ ಅವನು ‘ಏಲಕ್ಕಿಯಾ?’ ಎಂದು ಕೇಳುವುದಿಲ್ಲ. ಒಂದು ಮಾಲೆಯಿಂದ ಪಾನ್ ಮಸಾಲ ಹರಿಯುತ್ತಾನೆ, ಪಕ್ಕದ ಮಾಲೆಯಿಂದ ತಂಬಾಕಿನ ಪುಟ್ಟ ಪೊಟ್ಟಣ ಹರಿಯುತ್ತಾನೆ, ಎರಡನ್ನೂ ಒಟ್ಟಿಗೆ ಕೈಗಿಡುತ್ತಾನೆ. ಗಿರಾಕಿ ಹಲ್ಲಿನಿಂದ ತುದಿ ಕಿತ್ತು, ಇದನ್ನು ಅದಕ್ಕೆ ಸುರಿದು, ನಾಲ್ಕು ಸಲ ಅಲ್ಲಾಡಿಸಿ, ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಆಹಾರದಲ್ಲಿ ತಂಬಾಕು, ನಿಕೋಟಿನ್ ಬೆರೆಸಬಾರದೆಂದು 2011ರ ಆಹಾರ ಸುರಕ್ಷತಾ ನಿಯಮ ಹೇಳಿತು. ಕರ್ನಾಟಕ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿತು. ಕಾರ್ಖಾನೆಯಲ್ಲಿ ಬೆರೆಯುತ್ತಿದ್ದದ್ದು ಈಗ ಗಿರಾಕಿಯ ಅಂಗೈಯಲ್ಲಿ ಬೆರೆಯುತ್ತಿದೆ, ಅಷ್ಟೇ. ಜಾಹೀರಾತಿಗೆ ನಿಷೇಧವಿರುವ ವಸ್ತುವನ್ನು ಬೇರೆ ವಸ್ತುವಿನ ಮರೆಯಲ್ಲಿ ತೋರಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಸ್ಪಷ್ಟ ಮಾತಿನಲ್ಲಿ ನಿಷೇಧಿಸಿದೆ. ಕಾನೂನನ್ನು ಮೊದಲು ಎತ್ತಿದವರು ಅವರೇ, ಹಾಗಾಗಿ ಇದನ್ನೂ ಓದಲಿ.

ಎರಡನೆಯ ಆಕ್ಷೇಪ ಕೇಳಲು ಚೆನ್ನಾಗಿದೆ: ‘ಪ್ರೇಕ್ಷಕರು ದಡ್ಡರಲ್ಲ. ಟಿವಿ ನೋಡಿ ಯಾರೂ ಚಟ ಕಲಿಯುವುದಿಲ್ಲ, ಸ್ನೇಹಿತರಿಂದ ಕಲಿಯುತ್ತಾರೆ.’ ಇದರ ಅರ್ಧ ಭಾಗವನ್ನು ಒಪ್ಪುತ್ತೇನೆ. ಮೊದಲ ಪೊಟ್ಟಣ ಬರುವುದು ಗೆಳೆಯನ ಕೈಯಿಂದಲೇ. ಆದರೆ ಆ ಕೈ ಚಾಚಿದಾಗ ಹುಡುಗನಿಗೆ ಆಗಬೇಕಿದ್ದ ಅಂಜಿಕೆ ಏಕೆ ಆಗುವುದಿಲ್ಲ? ಆ ಬಣ್ಣ, ಆ ಅಕ್ಷರ, ಆ ಹೆಸರು ಅವನಿಗೆ ಚಿಕ್ಕಂದಿನಿಂದ ಮನೆಯ ಹಾಲ್‌ನಲ್ಲೇ ಪರಿಚಯ. ಅಪ್ಪನ ಪಕ್ಕ ಕೂತು ಮ್ಯಾಚ್ ನೋಡುವಾಗ ಬಂದದ್ದು, ಅಪ್ಪ ಚಾನೆಲ್ ಬದಲಿಸದೇ ಇದ್ದದ್ದು. ಜಾಹೀರಾತು ಅವನಿಗೆ ‘ತಿನ್ನು’ ಎಂದು ಹೇಳಲೇ ಇಲ್ಲ. ತಿನ್ನುವುದರಲ್ಲಿ ಮುಚ್ಚುಮರೆ ಮಾಡುವಂಥದ್ದು ಏನೂ ಇಲ್ಲ ಎಂಬ ಭಾವನೆಯನ್ನಷ್ಟೇ ವರ್ಷಗಟ್ಟಲೆ ಕೂಡಿಸಿತು.

ಮದ್ಯದವರು ಈ ಕಸುಬಿನಲ್ಲಿ ಹಳಬರು. ಸೋಡಾ, ಕುಡಿಯುವ ನೀರು, ಹಾಡಿನ ಸಿ.ಡಿ. ಎಲ್ಲವೂ ಅವರ ಹೆಸರು ಹೊತ್ತು ತಿರುಗಿದವೇ. 2008ರಲ್ಲಿ ವಿಜಯ್ ಮಲ್ಯ ಕೊಂಡ ಬೆಂಗಳೂರು ತಂಡದ ಹೆಸರಿನ ಮೊದಲೆರಡು ಪದಗಳು ಆಗ ಅವರದೇ ಆಗಿದ್ದ ಕಂಪನಿಯ ವಿಸ್ಕಿಯ ಬಾಟಲಿಯನ್ನು ನೆನಪಿಸುತ್ತವೆ. ‘ಈ ಸಲ ಕಪ್ ನಮ್ದೇ’ ಎಂದು ಕೂಗಿದವರಲ್ಲಿ ನಾನೂ ಇದ್ದೇನೆ. ನನ್ನ ಪಕ್ಕ ನಿಂತು ಕೂಗುವ ಹತ್ತು ವರ್ಷದ ಹುಡುಗಿಗೆ ಆ ಹೆಸರು ಎಲ್ಲಿಂದ ಬಂತೆಂದು ಗೊತ್ತಿಲ್ಲ. ಗೊತ್ತಿಲ್ಲದೆಯೇ ಅದರ ಮೇಲೆ ಪ್ರೀತಿ ಬೆಳೆದಿದೆ. ಇಲ್ಲಿ ದಡ್ಡತನದ ಮಾತೇ ಇಲ್ಲ. ಎಂಥ ಬುದ್ಧಿವಂತರಲ್ಲೂ ಪರಿಚಯ ಹೀಗೇ ಬೇರೂರುವುದು.

‘ನಟ ಏನು ಮಾಡಿಯಾನು? ಅವನ ಕೆಲಸ ನಟನೆ’ ಎಂಬುದಕ್ಕೆ ನಟರೇ ಉತ್ತರ ಕೊಟ್ಟಿದ್ದಾರೆ. 2021ರ ಅಕ್ಟೋಬರ್‌ನಲ್ಲಿ ಅಮಿತಾಭ್ ಬಚ್ಚನ್ ಒಂದು ಪಾನ್ ಮಸಾಲ ಜಾಹೀರಾತಿನಿಂದ ಹೊರಬಂದು ಹಣ ಹಿಂದಿರುಗಿಸಿದರು. ಅದು ಮರೆಮಾಚಿದ ಜಾಹೀರಾತು ಎಂದು ಒಪ್ಪಂದದ ವೇಳೆ ತಿಳಿದಿರಲಿಲ್ಲ ಎಂಬುದು ಅವರ ಕಡೆಯ ವಿವರಣೆ. 2022ರ ಏಪ್ರಿಲ್‌ನಲ್ಲಿ ಅಕ್ಷಯ್ ಕುಮಾರ್ ಕ್ಷಮೆ ಕೇಳಿ ಹಿಂದೆ ಸರಿದರು. ಒಪ್ಪಂದದ ಅವಧಿ ಮುಗಿಯುವ ತನಕ ಜಾಹೀರಾತು ಪ್ರಸಾರವಾಗಬಹುದು ಎಂದೂ ಸೇರಿಸಿದರು. 2016ರಲ್ಲಿ ಹಾಲಿವುಡ್‌ನ ಪಿಯರ್ಸ್ ಬ್ರಾಸ್ನನ್ ಕೂಡ ಪಾನ್ ಮಸಾಲದ ಡಬ್ಬಿ ಹಿಡಿದು ನಿಂತು, ಆಮೇಲೆ ತನಗೆ ಹೇಳಿದ್ದೇ ಬೇರೆ ಎಂದು ಪೇಚಾಡಿಕೊಂಡಿದ್ದರು. ಇನ್ನು ನಮ್ಮ ಯಶ್ 2022ರಲ್ಲಿ, ಕೆಜಿಎಫ್‌ನ ಎರಡನೇ ಭಾಗ ದೇಶವಿಡೀ ಓಡುತ್ತಿದ್ದ ಹೊತ್ತಿನಲ್ಲಿ, ಇಂಥದ್ದೇ ಕೊಡುಗೆ ಬಂದಾಗ ಬೇಡ ಎಂದರು. ಬೇಡ ಎನ್ನಲು ಸಾಧ್ಯವಿದೆ ಎಂದಾಯಿತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ. ‘ವಿಚಾರಿಸಿಯೇ ಒಪ್ಪಿಕೊಂಡೆ’ ಎಂದು ತೋರಿಸಿಕೊಟ್ಟವರಿಗೆ ವಿನಾಯಿತಿ ಇದೆ. ಯಾವ ಗೂಡಂಗಡಿಯಲ್ಲಿ ವಿಚಾರಿಸಿದರು ಎಂಬುದು ನನ್ನ ಕುತೂಹಲ.

ಅಡಿಕೆ ಬೆಳೆಗಾರರ ಆಕ್ಷೇಪವನ್ನು ಹೀಗೆ ತಮಾಷೆಯಲ್ಲಿ ತಳ್ಳಿಹಾಕಲಾರೆ. ದೇಶದ ಅಡಿಕೆಯಲ್ಲಿ ದೊಡ್ಡ ಪಾಲು ನಮ್ಮ ರಾಜ್ಯದ್ದು. ಶಿವಮೊಗ್ಗ, ಶಿರಸಿ ಮಾರುಕಟ್ಟೆಗಳಲ್ಲಿ ರಾಶಿ, ಗೊರಬಲು ಕೊಳ್ಳುವ ವ್ಯಾಪಾರಿಯ ಹಿಂದೆ ಉತ್ತರ ಭಾರತದ ಪಾನ್ ಮಸಾಲ ಕಾರ್ಖಾನೆ ಇರುತ್ತದೆ. ‘ಜಾಹೀರಾತು ನಿಂತರೆ ಬೇಡಿಕೆ ಬೀಳುತ್ತದೆ, ಬೇಡಿಕೆ ಬಿದ್ದರೆ ನಾವು ಬೀಳುತ್ತೇವೆ’ ಎನ್ನುತ್ತಾರೆ. ಕೊಳೆರೋಗ, ಎಲೆಚುಕ್ಕೆ ರೋಗ, ಹೊರಗಿನಿಂದ ಬಂದು ಬೀಳುವ ಅಗ್ಗದ ಅಡಿಕೆ ಇವುಗಳ ನಡುವೆ ಬದುಕುವವರಿಗೆ ಈ ಭಯ ಸಹಜ. ಆದರೆ 2013ರಲ್ಲಿ ಗುಟ್ಕಾ ನಿಷೇಧವಾದಾಗಲೂ ಧಾರಣೆ ನೆಲಕಚ್ಚುತ್ತದೆ ಎಂಬ ಭಯವೇ ಇತ್ತು. ಮರುವರ್ಷ ಕೆಂಪಡಿಕೆ ಅದುವರೆಗೆ ಕಾಣದ ಬೆಲೆ ಕಂಡಿತು. ಅದಕ್ಕೆ ಒಂದು ಕಾರಣ ನಿಷೇಧವನ್ನು ಎರಡು ಪೊಟ್ಟಣಗಳಲ್ಲಿ ದಾಟಿದ್ದು ಎಂಬುದೂ ನಿಜ, ಅದನ್ನು ನಾನು ಬಚ್ಚಿಡುವುದಿಲ್ಲ.

ಬೆಳೆಗಾರರಿಗೆ ನನ್ನ ಪ್ರಶ್ನೆ ಬೇರೆ. ನಿಮ್ಮ ಆಕ್ಷೇಪವೇ ಜಾಹೀರಾತು ವೃತ್ತಿಯವರ ಆಕ್ಷೇಪವನ್ನು ಸುಳ್ಳು ಮಾಡುವುದಿಲ್ಲವೇ? ಜಾಹೀರಾತಿನಲ್ಲಿರುವುದು ಬರೀ ಏಲಕ್ಕಿ ಎಂದು ಅವರು ಹೇಳುತ್ತಾರೆ. ಅದು ನಿಂತರೆ ಅಡಿಕೆ ಬೀಳುತ್ತದೆ ಎಂದು ನೀವು ಹೇಳುತ್ತೀರಿ. ಎರಡೂ ನಿಜವಾಗಲು ಸಾಧ್ಯವಿಲ್ಲ. ನಾನು ನಿಮ್ಮ ಮಾತನ್ನೇ ನಂಬುತ್ತೇನೆ. ಇನ್ನು ‘ಪಾನ್ ಮಸಾಲದಲ್ಲಿ ತಂಬಾಕೇ ಇಲ್ಲವಲ್ಲ’ ಎನ್ನುವವರಿಗೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. ಬೆಳೆಗಾರರು ಇದನ್ನು ಒಪ್ಪುವುದಿಲ್ಲ, ಮತ್ತೆ ಅಧ್ಯಯನವಾಗಲಿ ಎನ್ನುತ್ತಾರೆ. ಆಗಲಿ. ಅಷ್ಟರೊಳಗೆ ಯಾವುದೇ ದಂತವೈದ್ಯರನ್ನು ಕೇಳಿ. ಮೊದಲು ಸಾರಿನ ಖಾರ ತಡೆಯುವುದಿಲ್ಲ, ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆಯ ಒಳಭಾಗ ಬಿಗಿಯುತ್ತ ಬರುತ್ತದೆ. ಮೂರು ಬೆರಳು ಉದ್ದುದ್ದಕ್ಕೆ ಹೋಗಬೇಕಾದ ಬಾಯಿಗೆ ಒಂದು ಬೆರಳು ಹೋಗುವುದೂ ಕಷ್ಟವಾಗುತ್ತದೆ. ಅಜ್ಜಿ ಊಟವಾದ ಮೇಲೆ ಹಾಕಿಕೊಳ್ಳುತ್ತಿದ್ದ ಒಂದು ಕವಳವನ್ನೂ ಬೆಳಗಿನಿಂದ ರಾತ್ರಿಯವರೆಗೆ ದವಡೆಯಲ್ಲಿ ಕೂರುವ ಪೊಟ್ಟಣಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

‘ಬೇಡವಾದರೆ ಚಾನೆಲ್ ಬದಲಿಸಿ’ ಎಂದವರಿಗೆ: ಬದಲಿಸಿದೆ, ಅಲ್ಲೂ ಅದೇ ಇತ್ತು.

ಕೊನೆಯದು ಹಣದ ಮಾತು. ‘ಈ ಕಂಪನಿಗಳು ಹೋದರೆ ಕ್ರಿಕೆಟ್‌ಗೆ ದುಡ್ಡು ಎಲ್ಲಿಂದ ಬರುತ್ತದೆ?’ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು 2025ರ ಮಾರ್ಚ್‌ನಲ್ಲಿ ಐಪಿಎಲ್ ಅಧ್ಯಕ್ಷರಿಗೆ ಪತ್ರ ಬರೆದು, ತಂಬಾಕು ಮತ್ತು ಮದ್ಯದ ಜಾಹೀರಾತುಗಳನ್ನು, ಮರೆಮಾಚಿದವನ್ನೂ ಸೇರಿಸಿ, ನಿಲ್ಲಿಸುವಂತೆ ಕೇಳಿದಾಗಲೂ ಈ ಪ್ರಶ್ನೆ ಎದ್ದಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಭಾರತ ತಂಡದ ಅಂಗಿಯ ಮೇಲಿದ್ದ ಡ್ರೀಮ್ ಇಲೆವೆನ್ ಹೆಸರು ಕೆಲವೇ ದಿನಗಳಲ್ಲಿ ಹೋಯಿತು, ಸೆಪ್ಟೆಂಬರ್‌ನ ಏಷ್ಯಾ ಕಪ್ಪನ್ನು ನಮ್ಮ ಹುಡುಗರು ಪ್ರಾಯೋಜಕರಿಲ್ಲದ ಅಂಗಿ ತೊಟ್ಟೇ ಆಡಿ ಗೆದ್ದರು. ಟೂರ್ನಿ ಮುಗಿಯುವ ಮೊದಲೇ ಆ ಜಾಗಕ್ಕೆ ಒಂದು ಟೈರ್ ಕಂಪನಿ ಗೊತ್ತಾಗಿತ್ತು, ಹಿಂದಿನವರಿಗಿಂತ ಹೆಚ್ಚು ಹಣ ಕೊಟ್ಟು.