ಗದ್ದೆ ಪೂರ್ತಿ ತೋಟ ಮಾಡೋ ಮುಂಚೆ ಒಂದ್ಸಲ ಭದ್ರಾವತಿ ಕಡೆ ನೋಡಿ

ಈ ಬೇಸಿಗೆಯಲ್ಲಿ ನನಗೆ ಅತಿ ಹೆಚ್ಚು ಬಂದ ಫೋನು ಒಂದೇ ವಿಷಯಕ್ಕೆ. "ಅಣ್ಣಾ, ಗದ್ದೆ ತೆಗೆದು ಅಡಿಕೆ ಸಸಿ ಇಡ್ತಾ ಇದೀನಿ, ಯಾವ ತಳಿ ಒಳ್ಳೇದು?" ಭದ್ರಾ ಅಚ್ಚುಕಟ್ಟಿನ ಹುಡುಗರೇ ಜಾಸ್ತಿ. ತಳಿ ಆಮೇಲೆ ಹೇಳ್ತೀನಿ, ಎಷ್ಟು ಎಕರೆ ಇಡ್ತೀಯ ಅಂದ್ರೆ ಎಲ್ಲರದ್ದೂ ಒಂದೇ ಉತ್ತರ: "ಇರೋದಷ್ಟೂ."

ಇರೋದಷ್ಟೂ ಅನ್ನೋ ಮಾತಿಗೆ ನನಗೆ ಭಯ. ಯಾಕೆ ಅಂತ ಕೇಳಿದ್ರೆ ಭದ್ರಾವತಿ ಪೇಟೆಯನ್ನೇ ತೋರಿಸ್ತೀನಿ.

ಹಿಂದೆ ಬೆಂಕಿಪುರ ಅಂತಿದ್ದ ಆ ಊರು ದೊಡ್ಡದಾಗಿದ್ದು ಕಾರ್ಖಾನೆಯಿಂದ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಉತ್ಪಾದನೆ ಶುರುವಾಯ್ತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲಿಗೆ ಮಲೆನಾಡಿನ ಸೌದೆ, ನೀರು ಭದ್ರೆಯದು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು, ಮುಂದೆ ಅದರ ಜೊತೆಗೇ ಸಕ್ಕರೆ ಕಾರ್ಖಾನೆಯೂ ಆಯ್ತು. ಕಬ್ಬು ಅರೆದ ಮೇಲೆ ಉಳಿದ ಸಿಪ್ಪೆ ಕಾಗದಕ್ಕೆ. ಎಷ್ಟು ಚೆನ್ನಾದ ಲೆಕ್ಕ ನೋಡಿ! ಸುತ್ತಲಿನ ಹಳ್ಳಿಗಳಲ್ಲಿ ಮನೆಗೊಬ್ಬ ಶಿಫ್ಟಿಗೆ, ಇನ್ನೊಬ್ಬ ಗದ್ದೆಗೆ. ಆ ಸಂಬಳ, ಈ ಭತ್ತ ಎರಡೂ ಸೇರಿ ಮದುವೆ, ಮನೆ, ಓದು ನಡೀತಿತ್ತು.

ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ಹತ್ತು ವರ್ಷದ ಹತ್ತಿರ ಆಯ್ತು. ಉಕ್ಕಿನ ಕಾರ್ಖಾನೆ ಮುಚ್ಚೋ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಹೋರಾಟ ಆದ ಮೇಲೆ ಸ್ವಲ್ಪ ಕೆಲಸ ಮತ್ತೆ ಶುರುವಾಯ್ತು, ಆದ್ರೆ ಹಳೇ ಗತ್ತು ಇಲ್ಲ. ಕಾರ್ಖಾನೆ ನಂಬಿ ಕಬ್ಬು ಹಾಕಿದ್ದೋರು ದೂರದ ಕಾರ್ಖಾನೆಗೆ ಲಾರಿ ಬಾಡಿಗೆ ಕೊಡಬೇಕಾಯ್ತು, ಇಲ್ಲಾ ಕಬ್ಬು ಬಿಡಬೇಕಾಯ್ತು. ಮನೆಯಲ್ಲಿ ಗದ್ದೆ ಉಳಿಸಿಕೊಂಡಿದ್ದೋರು ಹೇಗೋ ನಿಂತ್ಕೊಂಡ್ರು.

ಅಡಿಕೆಗೂ ಇದಕ್ಕೂ ಏನು ಸಂಬಂಧ ಅಂತೀರಾ? ನಾವು ಬೆಳೆಯೋ ಕೆಂಪಡಿಕೆ ಬಹುಪಾಲು ಹೋಗೋದು ಉತ್ತರ ಭಾರತದ ಪಾನ್ ಮಸಾಲಾ, ಗುಟ್ಕಾ ವ್ಯವಹಾರಕ್ಕೆ. ಅಂದ್ರೆ ನಮಗಿರೋದೂ ಒಂಥರಾ ಒಂದೇ ಕಾರ್ಖಾನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಪಟ್ಟಿಗೆ ಸೇರಿಸಿ ಪ್ರಕಟಿಸಿದೆ. "ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯ್ತಲ್ಲ, ದರ ಬಿತ್ತಾ?" ಅಂತ ಒಬ್ಬ ಹುಡುಗ ನನ್ನನ್ನೇ ಕೇಳಿದ. ನ್ಯಾಯವಾದ ಪ್ರಶ್ನೆ. ಬೀಳಲಿಲ್ಲ, ಮುಂದೆ ಏರಿತು ಕೂಡ. ಆದ್ರೆ ಇವತ್ತು ಇಟ್ಟ ಸಸಿ ಸರಿಯಾಗಿ ಫಸಲಿಗೆ ಬರೋಕೆ ಆರೇಳು ವರ್ಷ, ಆಮೇಲೆ ಮೂವತ್ತು ನಲವತ್ತು ವರ್ಷ ಅದೇ ಜಾಗದಲ್ಲಿ ನಿಲ್ಲುತ್ತೆ. ಅಷ್ಟು ವರ್ಷದ ಮಾರುಕಟ್ಟೆಗೆ ಜಾಮೀನು ಕೊಡೋರು ಯಾರಿದಾರೆ? ಭತ್ತ ಬೇಡ ಅನ್ನಿಸಿದ್ರೆ ಮುಂದಿನ ಬೆಳೆಗೇ ಬದಲಾಯಿಸಬಹುದು.

ಇನ್ನು ಮಣ್ಣಿನ ಮಾತು. ಗದ್ದೆ ಅಂದ್ರೇನೇ ನೀರು ನಿಲ್ಲಲಿ ಅಂತ ಅಜ್ಜಂದಿರು ಕೆಸರು ತುಳಿದು ತುಳಿದು ಗಟ್ಟಿ ಮಾಡಿದ ನೆಲ. ಅಡಿಕೆಗೆ ಬೇಕಾದ್ದು ಅದಕ್ಕೆ ಪೂರ್ತಿ ಉಲ್ಟಾ. ನಾನೂ ಈ ತಪ್ಪು ಮಾಡಿದೀನಿ, ಮುಚ್ಚಿಡೋದೇನಿಲ್ಲ. ತಗ್ಗಿನ ಅರ್ಧ ಎಕರೆಗೆ ಬಸಿಗಾಲುವೆ ತೆಗೆಯದೇ ಸಸಿ ಇಟ್ಟೆ, ಜೆಸಿಬಿ ಖರ್ಚು ಉಳೀತು ಅಂತ ಖುಷಿಪಟ್ಟೆ. ಎರಡನೇ ಮಳೆಗಾಲಕ್ಕೆ ಎಲೆ ಹಳದಿ, ಬೇರು ಕಪ್ಪು. ಗೊಬ್ಬರ ಕಡಿಮೆ ಆಯ್ತು ಅಂದ್ಕೊಂಡು ಮತ್ತಷ್ಟು ಹಾಕಿದೆ, ಅದೂ ದಂಡ. ಕೊನೆಗೆ ಎರಡು ಸಾಲಿಗೊಂದರಂತೆ ಮೂರಡಿ ಆಳದ ಬಸಿಗಾಲುವೆ ತೆಗೆಸಿದ ಮೇಲೆ ಉಳಿದವು ಚೇತರಿಸಿಕೊಂಡವು. ಸತ್ತ ಜಾಗಕ್ಕೆ ಮರುನಾಟಿ ಮಾಡಿದ ಗಿಡ ಇವತ್ತಿಗೂ ಪಕ್ಕದವಕ್ಕಿಂತ ಕುಳ್ಳಗಿವೆ.

ಬಸಿದ ನೀರು ಎಲ್ಲಿಗೆ ಹೋಗುತ್ತೆ ಅಂತಾನೂ ಯೋಚನೆ ಮಾಡಿ. ಕೆಳಗಿನ ಗದ್ದೆಯ ಚಿಕ್ಕಪ್ಪನ ಭತ್ತಕ್ಕೆ ನುಗ್ಗಿದ್ರೆ ಜಗಳ ಗ್ಯಾರಂಟಿ. ಬದುವಿಗೆ ಒತ್ತಿ ಇಟ್ಟ ಮರದ ನೆರಳು ಬಿದ್ದ ಕಡೆ ಪಕ್ಕದವರ ಪೈರು ತೆನೆ ಕಟ್ಟಲ್ಲ. ಒಬ್ಬ ತೋಟ ಮಾಡಿದ್ರೆ ಅಕ್ಕಪಕ್ಕದವರೂ ಬೇರೆ ದಾರಿಯಿಲ್ಲದೆ ತೋಟ ಮಾಡ್ತಾರೆ. ನಮ್ಮ ಬಯಲಿನಲ್ಲಿ ಹೀಗೇ ಆಗ್ತಿದೆ.

ನೀರಿನ ಲೆಕ್ಕ ಇನ್ನೂ ಕಷ್ಟ. ಲಕ್ಕವಳ್ಳಿ ಡ್ಯಾಮು ತುಂಬಿದ್ರೆ 186 ಅಡಿ, 71 ಟಿಎಂಸಿ ಚಿಲ್ಲರೆ. ನಾಲೆ ನೀರು ಬಿಡೋದು ಬೆಳೆ ಹಂಗಾಮಿನ ಲೆಕ್ಕಕ್ಕೆ. ನಾಲೆ ನಿಂತ ಮೇಲೂ ಅಡಿಕೆ ಬಾಯಾರುತ್ತೆ, ಆಗ ಬೋರ್‌ವೆಲ್ಲೇ ಗತಿ. 2023ರ ಬರದಲ್ಲಿ ನೀರು ಬಿಡೋ ನಿಲ್ಲಿಸೋ ದಿನಗಳಿಗಾಗಿ ದಾವಣಗೆರೆ ಕಡೆ ರೈತರು ಬೀದಿಗಿಳಿದಿದ್ದು ನೆನಪಿರಬೇಕು. ಮೇಲ್ಭಾಗದಲ್ಲಿ ನಾವು ವರ್ಷಪೂರ್ತಿ ನೀರು ಕೇಳೋ ಬೆಳೆ ಹೆಚ್ಚಿಸಿದಷ್ಟೂ ಕೊನೆ ಭಾಗದವರಿಗೆ ಹೊಟ್ಟೆ ಉರಿಯುತ್ತೆ, ಉರಿಯಲೇಬೇಕು.

ಅಡಿಕೆ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮನೆ ಸಾಲ ತೀರಿಸಿದ್ದೇ ಅಡಿಕೆ. ಮೂರು ಎಕರೆ ಇದ್ರೆ ಮೇಲಿನ, ನೀರು ಬಸಿಯೋ ಒಂದೂವರೆ ಎಕರೆಗೆ ಇಡಿ. ಶುರುವಿನಲ್ಲಿ ಬಾಳೆ, ಮರ ಬೆಳೆದ ಮೇಲೆ ಕಾಳುಮೆಣಸು ಹಬ್ಬಿಸಿ. ತಗ್ಗಿನದ್ದು ಗದ್ದೆಯಾಗೇ ಇರಲಿ. ಮನೆ ಅಕ್ಕಿ, ಎರಡು ಹಸುವಿಗೆ ಹುಲ್ಲು ಸಿಗುತ್ತೆ. ಹುಲ್ಲಿನ ಬೆಲೆ ಏನು ಅಂತ ಗದ್ದೆ ತೆಗೆದ ಮನೆಯ ಹೆಂಗಸರನ್ನ ಕೇಳಿ, ಲೆಕ್ಕ ಸಮೇತ ಹೇಳ್ತಾರೆ. ಬೇಸಿಗೆಯಲ್ಲಿ ಹತ್ತು ಗುಂಟೆ ತರಕಾರಿ ಹಾಕಿದ್ರೂ ಭದ್ರಾವತಿ, ಶಿವಮೊಗ್ಗ ಎರಡೂ ಪೇಟೆ ಹತ್ತಿರದಲ್ಲೇ ಇವೆ. ಕಾರ್ಖಾನೆ ಸೊರಗಿದ್ರೂ ಊರಲ್ಲಿ ಜನ ಊಟ ಮಾಡೋದು ಬಿಟ್ಟಿಲ್ಲ.

ಈ ವರ್ಷ ಸಸಿ ಕೊಳ್ಳೋ ಆತುರ ಬೇಡ. ಆಗಸ್ಟ್‌ನಲ್ಲಿ ಜೋರು ಮಳೆ ನಿಂತ ಎರಡು ದಿನ ಬಿಟ್ಟು ಹೊಲದಲ್ಲಿ ಒಂದು ಸುತ್ತು ಹಾಕಿ, ಎಲ್ಲೆಲ್ಲಿ ನೀರು ನಿಂತಿದೆ ಅಂತ ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆ ಫೋಟೋ, ಮಣ್ಣಿನ ಮಾದರಿ ಎರಡೂ ಹಿಡ್ಕೊಂಡು ನವಿಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ. ತಳಿ ಯಾವುದು ಅಂತ ಆಮೇಲೆ ಫೋನ್ ಮಾಡಿ, ಮಾತಾಡೋಣ.