ಮಾಯೆಗೂ ಕಟ್ಟಳೆ ಬೇಕು

ಕಥೆ ಬರೆಯಹೊರಟ ಬಾಲಿಕೆಗೆ ಮಾಯೆಯಷ್ಟು ಸುಲಭವಾದ ಸಾಧನವು ಬೇರೊಂದಿಲ್ಲವೆಂದು ಬಹು ಜನರು ತಿಳಿದಿರುವರು. ನಾಯಿಕೆಯು ಸಂಕಟದಲ್ಲಿ ಸಿಕ್ಕಳೆನ್ನುವಷ್ಟರಲ್ಲಿ ಒಂದು ಮಂತ್ರ, ಒಂದು ಉಂಗುರ, ಇಲ್ಲವೆ ಹಾರುವದೊಂದು ಚಾಪೆ. ಅಲ್ಲಿಗೆ ಕಷ್ಟವೂ ಮುಗಿಯಿತು, ಕಥೆಯೂ ಮುಗಿಯಿತು. ನನ್ನ ಅನುಭವವು ಇದಕ್ಕೆ ತೀರ ವಿರುದ್ಧವಾಗಿದೆ. ಕಲ್ಪಿತ ಲೋಕವೊಂದರಲ್ಲಿ ಓದುವವರು ನಂಬತಕ್ಕಂಥ ಮಾಯೆಯನ್ನು ಕಟ್ಟುವದು ಗಣಿತದ ಪಾಠದಷ್ಟೇ ಬಿಗಿಯಾದ ಕೆಲಸವಾಗಿರುತ್ತದೆ. ಈ ಮಾತನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಪಾಲಕರ ಮುಂದೆಯೂ ಇಡಬಯಸುತ್ತೇನೆ. ಯಾಕಂದರೆ ಇಂಥ ಕಥೆ ಬರೆಯುವ ಹುಡುಗಿಯನ್ನು ಸುಳ್ಳು ಕಟ್ಟುವವಳೆಂದು ಗದರಿಸಿ, ಅವಳ ವಹಿಯನ್ನು ಒಲೆಯ ಬದಿಗೆ ಒಗೆಯುವ ಮನೆಗಳು ನಮ್ಮಲ್ಲಿ ಇನ್ನೂ ಇರುತ್ತವೆ.

ಕೆಲವು ವರ್ಷಗಳ ಕೆಳಗೆ ಹುಡುಗಿಯರು ಬರೆದ ಕಥೆಗಳದೊಂದು ಕಟ್ಟನ್ನು ಓದಿ ತಿದ್ದುವ ಕೆಲಸವು ನನ್ನ ಪಾಲಿಗೆ ಬಂದಿತು. ಬರೆದವರಲ್ಲಿ ಒಬ್ಬಳು ಕೃಷ್ಣೆಯ ದಂಡೆಯ ಹಳ್ಳಿಯವಳು. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ತಾಲೂಕುಗಳ ನದೀತೀರದ ಊರುಗಳಿಗೆ ನೀರು ನುಗ್ಗಿದಾಗ ಮನೆಯವರೊಡನೆ, ದನಕರುಗಳ ಸಹಿತವಾಗಿ ಎತ್ತರದ ಸ್ಥಳಕ್ಕೆ ಹೋಗಿ ದಿನಗಳನ್ನು ಕಳೆದವಳು. ಅವಳ ಕಥೆಯಲ್ಲಿ ಒಬ್ಬ ಹುಡುಗಿಯು ಅಜ್ಜಿಯ ಬೆಳ್ಳಿಯ ಕಾಲ್ಕಡಗವನ್ನು ಹೊಳೆಗೆ ಹಿಡಿದು ತೋರಿಸುತ್ತಾಳೆ, ಏರಿ ಬಂದ ನೀರು ನಿಂತುಬಿಡುತ್ತದೆ, ಊರು ಉಳಿಯುತ್ತದೆ. ಭಾಷೆ ಚೆನ್ನಾಗಿತ್ತು, ಅಕ್ಷರಗಳಂತೂ ಮುತ್ತಿನಂತಿದ್ದವು. ಆದರೂ ನನಗೆ ನಂಬಿಕೆ ಬರಲಿಲ್ಲ. ಕಾಲ್ಕಡಗಕ್ಕೆ ಶಕ್ತಿಯುಂಟೆಂದು ಒಪ್ಪಲು ನನಗೆ ಅಡ್ಡಿಯಿರಲಿಲ್ಲ. ನಾನು ಒಪ್ಪಲಾರದೆ ಹೋದದ್ದು ನೀರನ್ನು. "ತಂಗೀ, ನಿಂತ ನೀರು ಎಲ್ಲಿಗೆ ಹೋಯಿತು?" ಎಂದು ಕೇಳಿದೆನು.

ಹೊಳೆಯ ದಂಡೆಯಲ್ಲಿ ಬೆಳೆದವಳಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಮೇಲೆ ಕೊಯ್ನಾ ಜಲಾಶಯದಿಂದ ಬಿಟ್ಟ ನೀರು ನಮ್ಮ ಹೊಲಗಳಿಗೆ ಬರುತ್ತದೆಂಬುದೂ, ಕೆಳಗೆ ಆಲಮಟ್ಟಿಯಲ್ಲಿ ತಡೆದ ನೀರಿನ ವಿಷಯವಾಗಿ ಸಾಂಗಲಿಯವರು ದೂರುತ್ತಾರೆಂಬುದೂ ಈ ಭಾಗದ ಮಕ್ಕಳು ಮನೆಯಲ್ಲಿಯೇ ಕೇಳಿ ತಿಳಿದ ಸಂಗತಿಗಳು. ಎಂಟು ದಿನಗಳ ಮೇಲೆ ಅವಳು ಕಥೆಯನ್ನು ತಿರುಗಿ ಬರೆದು ತಂದಳು. ಈ ಸಲ ಕಾಲ್ಕಡಗವು ಒಂದೇ ದಂಡೆಯ ನೀರನ್ನು ತಡೆಯುತ್ತಿತ್ತು. ತಡೆದಷ್ಟು ನೀರು ಎದುರು ದಂಡೆಗೆ ಏರುತ್ತಿತ್ತು. ಎದುರು ದಂಡೆಯಲ್ಲಿ ಅವಳ ಸೋದರತ್ತೆಯ ಊರು. ಕಥೆಯ ಹುಡುಗಿಯು ಕಾಲ್ಕಡಗವನ್ನು ಸೆರಗಿನಲ್ಲಿ ಕಟ್ಟಿಕೊಂಡು ದೋಣಿಯಲ್ಲಿ ಆಚೆಗೆ ಹೋಗುತ್ತಾಳೆ, ಅತ್ತೆಯನ್ನೂ ಊರವರನ್ನೂ ಗುಡ್ಡಕ್ಕೆ ಸಾಗಿಸುತ್ತಾಳೆ. ತಿರುಗಿ ಬರುವಷ್ಟರಲ್ಲಿ ತನ್ನ ಅಡಿಗೆಮನೆಯಲ್ಲಿ ಮೊಳಕಾಲುದ್ದ ನೀರು. ಆಮೇಲೆಯೇ ಅವಳು ಕಾಲ್ಕಡಗವನ್ನು ಎತ್ತಿ ಹಿಡಿಯುವದು. ಓದುವಾಗ ನನ್ನ ಎದೆ ಡವಗುಟ್ಟಿತೆಂದು ಹೇಳಲು ನಾಚಿಕೆಯಿಲ್ಲ. ಮಾಯೆಯು ಮೊದಲಿಗಿಂತ ಕಡಿಮೆ ಮಾಡಿತ್ತು. ಕಥೆಯು ಹೆಚ್ಚು ಮಾಡಿತ್ತು.

ಇಂಥ ಕಟ್ಟಳೆಯ ಮಾಯೆಯನ್ನು ನಾವು ಹೊರಗಿನಿಂದ ತರಬೇಕಾಗಿಲ್ಲ. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ನರು ಜನರು ಮನೆಯೊಳಗೆ ಹೇಳುವ ಕಥೆಗಳನ್ನು ಬಲು ಆದರದಿಂದ ಕೂಡಿಸಿದವರು. ಕನ್ನಡ ನಾಡಿನಲ್ಲಿ ಅವರಿಗೆ ದೊರೆತ ಕಥೆಗಳಲ್ಲಿ ಹೂವಿನ ಮರವಾಗುವ ಹುಡುಗಿಯದೊಂದು. ಅವರು 1993ರಲ್ಲಿ ತೀರಿಕೊಂಡ ಬಳಿಕ, 1997ರಲ್ಲಿ ಅಚ್ಚಾದ ಇಂಗ್ಲಿಷ್ ಸಂಗ್ರಹಕ್ಕೆ ಈ ಕಥೆಯ ಹೆಸರನ್ನೇ ಇಟ್ಟಿದ್ದಾರೆ.

ಬಡ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯು ಕೂಲಿ ಮಾಡಿ ಸವೆಯುವದನ್ನು ನೋಡಲಾರದೆ ಕಿರಿಯಳು ಅಕ್ಕನಿಗೆ ಒಂದು ಗುಟ್ಟನ್ನು ಹೇಳುತ್ತಾಳೆ. ನೆಲವನ್ನು ಗುಡಿಸಿ ಸಾರಿಸಬೇಕು. ಎರಡು ಕೊಡ ನೀರು ತರಬೇಕು, ನೀರಿಗೆ ಉಗುರು ತಾಕಬಾರದು. ಒಂದು ಕೊಡ ಸುರಿದರೆ ತಾನು ಹೂವಿನ ಮರವಾಗುವಳು. ಎಲೆ ಹರಿಯದಂತೆ, ಚಿಗುರು ಮುರಿಯದಂತೆ ಹೂ ಬಿಡಿಸಬೇಕು. ಎರಡನೆಯ ಕೊಡವನ್ನು ಸುರಿದರೆ ಮತ್ತೆ ಹುಡುಗಿಯಾಗುವಳು. ಕೊಡ, ನೀರು, ಉಗುರು, ಚಿಗುರು: ಎಲ್ಲವೂ ಹೆಂಗಸರ ದಿನನಿತ್ಯದ ವಸ್ತುಗಳೇ. ಅಥಣಿಯ ಕಡೆಯ ಬರದ ಹಳ್ಳಿಗಳಲ್ಲಿ ದೂರದಿಂದ ನೀರು ಹೊತ್ತ ತಾಯಂದಿರಿಗೆ ಎರಡು ಕೊಡವೆಂದರೆ ಎಷ್ಟು ಭಾರವೆಂಬುದನ್ನು ಯಾರು ತಿಳಿಸಬೇಕು? ಆ ಭಾರವೇ ಈ ಮಾಯೆಗೆ ತೆತ್ತ ಬೆಲೆಯಾಗಿದೆ.

ಈ ಕಟ್ಟಳೆಯೊಳಗೆ ಇನ್ನೊಂದು ಸೂಕ್ಷ್ಮವುಂಟು. ಮಾಯೆಯು ಹುಡುಗಿಯದು; ನೀರು ಸುರಿಯುವ ಕೈ ಮಾತ್ರ ಬೇರೆಯವರದು. ಮರವಾದವಳು ತನ್ನ ಮೇಲೆ ತಾನೇ ನೀರು ಸುರಿದುಕೊಳ್ಳಲಾರಳು. ಅಕ್ಕನ ಕೈಯಲ್ಲಿ ಆಕೆ ಸುರಕ್ಷಿತಳು. ರಾಜಕುಮಾರನು ಆಕೆಯನ್ನು ಮದುವೆಯಾದ ಬಳಿಕ ಪ್ರತಿ ರಾತ್ರಿ ಮರವಾಗೆನ್ನುತ್ತಾನೆ. ಕೋಣೆಯ ತುಂಬ ಹೂವುಗಳು ಬಾಡಿ ರಾಶಿ ಬೀಳುತ್ತವೆ. ನಾದಿನಿಯು ಗೆಳತಿಯರ ಮುಂದೆ ಮೆರೆಯುವದಕ್ಕಾಗಿ ತೋಟದಲ್ಲಿ ಬಲವಂತದಿಂದ ಆಕೆಯನ್ನು ಮರವಾಗಿಸುತ್ತಾಳೆ. ಹುಡುಗಿಯರು ಚಿಗುರನ್ನೂ ಎಲೆಯನ್ನೂ ಹರಿದೆಳೆದು, ನೀರನ್ನು ಹೇಗೋ ಚೆಲ್ಲಿ ಹೋಗುತ್ತಾರೆ. ಆಗ ಉಳಿಯುವದು ಕೈಕಾಲುಗಳಿಲ್ಲದ ಅರ್ಧ ಶರೀರ, ಮಳೆಯ ಕಾಲುವೆಯಲ್ಲಿ ಬಿದ್ದು ನರಳುವ ಜೀವ. ಅರಳೆಯ ಬಂಡಿ ಹೊಡೆಯುವವನೊಬ್ಬನು ಆ ನರಳಿಕೆಯನ್ನು ಕೇಳಿ ಎತ್ತಿ ಒಯ್ಯುತ್ತಾನೆ. ಕಥೆ ಹೇಳುವವಳು ಇಲ್ಲಿ ಒಂದು ದೇವತೆಯನ್ನು ಕರೆತರಬಹುದಾಗಿತ್ತು, ತರಲಿಲ್ಲ. ಬಹುಕಾಲದ ಮೇಲೆ ವಿರಾಗಿಯಾಗಿ ಅಲೆಯುತ್ತಿದ್ದ ಗಂಡನು ಆಕೆಯನ್ನು ಗುರುತಿಸಿ, ಅದೇ ಎರಡು ಕೊಡ ನೀರನ್ನು ತಂದು, ಒಂದನ್ನು ಸುರಿದು, ಮುರಿದ ಕೊಂಬೆಯನ್ನೂ ಹರಿದ ಎಲೆಯನ್ನೂ ನೆಟ್ಟಗೆ ಜೋಡಿಸಿ, ಇನ್ನೊಂದನ್ನು ಸುರಿಯುತ್ತಾನೆ. ಕೆಡಿಸಿದ ಕಟ್ಟಳೆಯೇ ಉಳಿಸಿತು. ಮಗಳನ್ನು ಬೇರೊಂದು ಮನೆಗೆ ಕಳಿಸಿದ ತಾಯಿಯು ಈ ಕಥೆಯನ್ನು ಕೇಳಿ, ನೀರು ಸುರಿಯುವ ಆ ಕೈಗಳ ವಿಷಯವಾಗಿ ಸ್ವಲ್ಪ ಹೊತ್ತು ಮೌನವಾಗುವಳೆಂದು ನಾನು ಬಲ್ಲೆನು. ಗಿರೀಶ ಕಾರ್ನಾಡರು 1992ರಲ್ಲಿ 'ಚೆಲುವಿ' ಎಂಬ ಚಲಚ್ಚಿತ್ರವನ್ನು ಮಾಡಿದ್ದೂ, 2006ರಲ್ಲಿ ವಿಯೆನ್ನಾ ನಗರದಲ್ಲಿ ಅಮೇರಿಕೆಯ ಜಾನ್ ಆಡಮ್ಸರ ಸಂಗೀತ ನಾಟಕವು ಆಡಲ್ಪಟ್ಟದ್ದೂ ಇದೇ ಕಥೆಯಿಂದ.

ಇಂಗ್ಲೆಂಡಿನ ಟಾಲ್ಕಿನ್ನರು 1939ರಲ್ಲಿ ಅದ್ಭುತ ಕಥೆಗಳ ವಿಷಯವಾಗಿ ಕೊಟ್ಟ ಉಪನ್ಯಾಸದಲ್ಲಿ, ಹಸುರು ಸೂರ್ಯನೆಂದು ಹೇಳಿಬಿಡುವದು ಯಾರಿಗೂ ಸಾಧ್ಯ, ಹಸುರು ಸೂರ್ಯನು ಸಲ್ಲುವಂಥ ಲೋಕವನ್ನು ಕಟ್ಟುವದಕ್ಕೆ ಶ್ರಮ ಬೇಕು ಎಂಬ ಅಭಿಪ್ರಾಯವನ್ನು ಸೂಚಿಸಿದ್ದಾರೆ. ಬರೆಯದೆ ಬಾಯಿಂದ ಮಾತ್ರ ಹೇಳುತ್ತ ಬಂದ ನಮ್ಮ ಅಜ್ಜಿಯರಿಗೆ ಇದು ಮೊದಲೇ ಗೊತ್ತಿತ್ತು.

ಪಾಲಕರು ಎತ್ತುವ ಆಕ್ಷೇಪವನ್ನು ಮರೆತಿಲ್ಲ. ಮಾಟ, ಕರಣಿ, ದೃಷ್ಟಿ ಎಂದು ಜನರು ಹಣವನ್ನೂ ಕೆಲವೊಮ್ಮೆ ಪ್ರಾಣವನ್ನೂ ಕಳೆದುಕೊಳ್ಳುವ ನಾಡಿನಲ್ಲಿ ಹುಡುಗಿಯರಿಗೆ ಮಾಯೆಯ ಕಥೆಯೇಕೆ ಎಂದು ಅವರು ಕೇಳುವರು. ಗಡಿಯ ಆಚೆಗೆ ಮಹಾರಾಷ್ಟ್ರದಲ್ಲಿ 2013ರಲ್ಲಿ ವಾಮಾಚಾರದ ವಿರುದ್ಧ ಕಾಯದೆಯಾಯಿತು. ನಮ್ಮಲ್ಲಿ 2017ರಲ್ಲಿ ವಿಧಾನಮಂಡಲವು ಒಪ್ಪಿದ ಕಾಯದೆಯು 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಭಯವು ನಿಜವಾದದ್ದೇ. ಆದರೆ ಮಂತ್ರವಾದಿಯ ಮಾಯೆಯನ್ನೂ ಕಥೆಯ ಮಾಯೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ನ್ಯಾಯವಲ್ಲ. ಕಥೆಯ ಮಾಯೆಯು ತನ್ನ ಕಟ್ಟಳೆಯನ್ನು ಮೊದಲೇ ಹೇಳುತ್ತದೆ, ಹೇಳಿದ ಮೇಲೆ ಅದಕ್ಕೆ ಬದ್ಧವಾಗಿರುತ್ತದೆ. ರಾಣಿಗೂ ದಾಸಿಗೂ ಒಂದೇ ಕಟ್ಟಳೆ. ಮಂತ್ರವಾದಿಯ ಕಟ್ಟಳೆಯು ಕೆಲಸ ಕೆಟ್ಟ ಮೇಲೆ ಹುಟ್ಟುತ್ತದೆ. ನಿಂಬೆಹಣ್ಣು ತಪ್ಪಿತು, ಅಮಾವಾಸ್ಯೆ ದಾಟಿತು, ಮನೆಯಲ್ಲಿ ಯಾರಿಗೋ ನಂಬಿಕೆ ಸಾಲದು. ಹೀಗೆ ತಪ್ಪೆಲ್ಲ ಹಣ ಕೊಟ್ಟವರದೇ ಆಗುತ್ತದೆ. ತಡೆದ ನೀರು ಎಲ್ಲಿಗೆ ಹೋಯಿತೆಂದು ಅವನನ್ನು ಯಾರೂ ಕೇಳುವದಿಲ್ಲ.

ಕೇಳಿದವಳೊಬ್ಬಳನ್ನು ನಾನು ಬಲ್ಲೆನು. ಹುಡುಗಿಯಾಗಿದ್ದಾಗ ವಹಿಗಟ್ಟಲೆ ಮಾಯೆಯ ಕಥೆಗಳನ್ನು ಬರೆದು ಮನೆಯವರಿಂದ ಬೈಸಿಕೊಂಡವಳು. ಈಗ ನಿಪ್ಪಾಣಿಯ ಕಡೆಗೆ ಸಂಸಾರಸ್ಥಳು. ಕೂಸಿಗೆ ಜ್ವರ ಬಂದಾಗ ಅತ್ತೆಯವರು ತಾಯಿತ ಕಟ್ಟುವವನನ್ನು ಕರೆಯಿಸಿದ್ದರಂತೆ. ಈಕೆಯು ಅತ್ತೆಗೆ ಎದುರು ಮಾತನಾಡದೆ, ಅವನಿಗೆ ಮಣೆ ಹಾಕಿ, ಚಹಕ್ಕೆ ನೀರಿಟ್ಟು, ಒಂದೇ ಮಾತು ಕೇಳಿದಳಂತೆ: "ಯಾವ ದಿನದೊಳಗೆ ಜ್ವರ ಇಳಿಯದಿದ್ದರೆ ನಿಮ್ಮ ತಾಯಿತ ಸುಳ್ಳೆಂದು ನಾವು ತಿಳಿಯಬೇಕು? ಅದನ್ನು ಮೊದಲು ಹೇಳಿರಿ." ಅವನು ಅಮಾವಾಸ್ಯೆಯ ಮಾತನ್ನೆತ್ತಿದನು, ಆಮೇಲೆ ಗ್ರಹಗಳ ಮಾತನ್ನೆತ್ತಿದನು, ದಿನವನ್ನು ಮಾತ್ರ ಹೇಳಲಿಲ್ಲ. ಚಹ ಕುದಿಯುವಷ್ಟರಲ್ಲಿ ಚೀಲವನ್ನು ಹೆಗಲಿಗೇರಿಸಿ ಹೊರಟುಹೋದನು. ಅತ್ತೆಯವರೇ ಕೂಸನ್ನು ಎತ್ತಿಕೊಂಡು ಈಕೆಯ ಜೊತೆಗೆ ದವಾಖಾನೆಗೆ ನಡೆದರಂತೆ.